ಹೈಪರ್‌ವೈಸರ್ ಯಾವುದೆಂದು ಕೇಳಿದರೆ ಲಿನಕ್ಸ್ ಕೊಡುವ ಉತ್ತರ: ಒಂದು ವಿಮರ್ಶೆ

ವರ್ಚುವಲ್ ಮೆಷಿನ್ ಬೂಟ್ ಆಗುವ ಆರಂಭದ ಹಂತದಲ್ಲೇ ತಾನು ಯಾವ ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶ) ಮೇಲೆ ಓಡುತ್ತಿದ್ದೇನೆಂಬುದನ್ನು ಲಿನಕ್ಸ್ ಕರ್ನಲ್ ಪತ್ತೆಹಚ್ಚಿಕೊಳ್ಳುತ್ತದೆ. ಆ ಮಾಹಿತಿಯನ್ನು ಯೂಸರ್ ಸ್ಪೇಸ್‌ಗೆ, ಅಂದರೆ ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳಿಗೆ, ತಲುಪಿಸುವ ವ್ಯವಸ್ಥೆ ಮಾತ್ರ ಅರೆಬರೆಯಾಗಿದೆ.

ಇದಕ್ಕೆಂದೇ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳ ರೂಪದಲ್ಲಿ ತೋರಿಸುವ ಜಾಗ) ‘ಹೈಪರ್‌ವೈಸರ್’ ಎಂಬ ಡೈರೆಕ್ಟರಿ ಇದೆ. ಜೆನ್ ಎಂಬ ಹೈಪರ್‌ವೈಸರ್‌ನ ಗೆಸ್ಟ್‌ನಲ್ಲಿ (ಅದರ ಮೇಲೆ ಓಡುವ ವರ್ಚುವಲ್ ಮೆಷಿನ್‌ನಲ್ಲಿ) ಅದನ್ನು ತೆರೆದರೆ ಹೈಪರ್‌ವೈಸರ್‌ನ ಹೆಸರು, ಆವೃತ್ತಿ, ಗೆಸ್ಟ್‌ನ ಯುಯುಐಡಿ (ಅನನ್ಯ ಗುರುತು ಸಂಖ್ಯೆ) ಮುಂತಾದವು ಪ್ರತ್ಯೇಕ ಫೈಲುಗಳಲ್ಲಿ ಅಚ್ಚುಕಟ್ಟಾಗಿ ಸಿಗುತ್ತವೆ. ಆದರೆ ಕೆವಿಎಂ, ವಿಎಂವೇರ್ ಅಥವಾ ಮೈಕ್ರೋಸಾಫ್ಟ್‌ನ ಹೈಪರ್-ವಿ ಎಂಬ ಬೇರೆ ಹೈಪರ್‌ವೈಸರ್‌ಗಳ ಗೆಸ್ಟ್‌ನಲ್ಲಿ ಹೆಸರು ತಿಳಿಸುವ ಅಂಥ ಫೈಲೇ ಇರುವುದಿಲ್ಲ. ಪತ್ತೆಯಾದ ಹೆಸರನ್ನು ಕರ್ನಲ್ ಬೂಟ್ ಲಾಗ್‌ನಲ್ಲಿ ಒಂದು ಸಾಲಾಗಿ ಬರೆಯುವುದುಂಟು; ಆದರೆ ಸಾಮಾನ್ಯ ಬಳಕೆದಾರರಿಗೆ ಆ ಲಾಗನ್ನು dmesg ಆಜ್ಞೆಯಿಂದ ಓದಲು ಅನುಮತಿ ಇಲ್ಲದಿರಬಹುದು, ಬಫರ್ ತುಂಬಿದಾಗ ಆ ಸಾಲು ಅಳಿದುಹೋಗಲೂಬಹುದು.

ಹಾಗಾಗಿ ಪ್ರತಿಯೊಂದು ಉಪಕರಣವೂ ಕರ್ನಲ್ ಆಗಲೇ ಮುಗಿಸಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಸಿಪಿಯುಐಡಿಯ (ಪ್ರೊಸೆಸರ್‌ನ ವಿವರ ಕೇಳುವ ಸೂಚನೆ) ಹೆಕ್ಸ್ 40000000 ಲೀಫ್, ಅಂದರೆ ಆ ಸಂಖ್ಯೆಯ ವಿಭಾಗ, ಹೈಪರ್‌ವೈಸರ್‌ನ 12 ಬೈಟ್‌ಗಳ ಗುರುತನ್ನು ಕೊಡುತ್ತದೆ. ವಿಂಡೋಸ್‌ಗೆ ಅನುಕೂಲವಾಗಲೆಂದು ಹೈಪರ್-ವಿ ಸೌಲಭ್ಯಗಳನ್ನು ಸಕ್ರಿಯಗೊಳಿಸಿದ ಕೆವಿಎಂ ಅಲ್ಲಿ ಮೈಕ್ರೋಸಾಫ್ಟ್‌ನ ಗುರುತನ್ನು ತೋರಿಸಿ, ತನ್ನದನ್ನು ಹೆಕ್ಸ್ 100ರಷ್ಟು ಮುಂದಿನ ಲೀಫ್‌ನಲ್ಲಿ ಇಡಬಹುದು. ಕರ್ನಲ್ ಮುಂದಿನ ಲೀಫ್‌ಗಳನ್ನೂ ಹುಡುಕಬಲ್ಲದು. ಮೊದಲನೆಯದನ್ನು ಮಾತ್ರ ನೋಡುವ ಉಪಕರಣ ತಪ್ಪು ಹೆಸರು ಹೇಳುತ್ತದೆ. ಎಆರ್‌ಎಂ ಪ್ರೊಸೆಸರ್‌ಗಳಲ್ಲಂತೂ ಯಂತ್ರದ ವಿವರ ಕೊಡುವ ಡಿವೈಸ್ ಟ್ರೀ, ಡಿಎಂಐಗಳನ್ನು ಜಾಲಾಡಬೇಕು.

ಈ ತೊಡಕಿನ ಬಹುಪಾಲನ್ನು ತನ್ನ ಮೇಲೆ ಹೊತ್ತುಕೊಳ್ಳುವ ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್ ಮನಸಾರೆ ಮೆಚ್ಚಬೇಕಾದ ಉಪಕರಣ. ರೂಟ್ (ಆಡಳಿತಗಾರ) ಅಧಿಕಾರ ಬೇಡದೆ ಒಂದೇ ಪದದಲ್ಲಿ ಉತ್ತರಿಸುತ್ತದೆ. ಕಂಟೇನರನ್ನೂ ವರ್ಚುವಲ್ ಮೆಷಿನನ್ನೂ ಬೇರೆಬೇರೆಯಾಗಿ ವಿಚಾರಿಸಲು ಆಯ್ಕೆಗಳಿವೆ. ಎಕ್ಸಿಟ್ ಕೋಡ್ ಸ್ಕ್ರಿಪ್ಟ್‌ಗಳಲ್ಲಿ ನೇರವಾಗಿ ಬಳಕೆಗೆ ಬರುತ್ತದೆ. ಪ್ರೊಸೆಸರ್ ವಿವರ ತೋರಿಸುವ ಎಲ್ಎಸ್‌ಸಿಪಿಯು ಕೂಡ ಹೈಪರ್‌ವೈಸರ್‌ನ ಹೆಸರು ತೋರಿಸುತ್ತದೆ, ಆದರೆ ಅದರ ಔಟ್‌ಪುಟ್‌ನಿಂದ ಆ ಸಾಲನ್ನು ಹೆಕ್ಕಿಕೊಳ್ಳಬೇಕು.

ಹೆಸರನ್ನು ಬಹಿರಂಗಪಡಿಸುವುದು ಭದ್ರತೆಗೆ ಧಕ್ಕೆ ಎಂಬ ಆಕ್ಷೇಪ ನನಗೆ ಒಪ್ಪಿಗೆಯಾಗುವುದಿಲ್ಲ. ಸಿಪಿಯುಐಡಿ ಸೂಚನೆಯನ್ನು ಸಾಮಾನ್ಯವಾಗಿ ಯಾವ ಪ್ರೋಗ್ರಾಂ ಬೇಕಾದರೂ ನೇರವಾಗಿ ಚಲಾಯಿಸಬಹುದಾದ್ದರಿಂದ, ಸಿಸ್‌ಎಫ್‌ಎಸ್‌ನಲ್ಲಿ ಅದನ್ನು ಮುಚ್ಚಿಟ್ಟ ಮಾತ್ರಕ್ಕೆ ಯಾವ ರಕ್ಷಣೆಯೂ ದೊರೆಯದು. ಜೆನ್‌ಗೆ ಇರುವಂಥ, ಹೆಸರು ತಿಳಿಸುವ ‘ಟೈಪ್’ ಫೈಲನ್ನು ಕರ್ನಲ್ ಎಲ್ಲ ಹೈಪರ್‌ವೈಸರ್‌ಗಳಿಗೂ ಒದಗಿಸಬೇಕು. ಅಲ್ಲಿಯವರೆಗೆ ಡಿಟೆಕ್ಟ್-ವರ್ಟ್ ಬಳಸುವುದೇ ಲೇಸು. ಆದರೆ ವರ್ಚುವಲ್ ಮೆಷಿನನ್ನು ಓಡಿಸುವ ಹೋಸ್ಟ್ ಈ ಗುರುತನ್ನು ಬದಲಿಸಬಲ್ಲದು. ಆದ್ದರಿಂದ ಡಿಟೆಕ್ಟ್-ವರ್ಟ್ ಕೊಡುವ ಉತ್ತರವನ್ನು ಡ್ರೈವರ್ ಆಯ್ಕೆ, ಟ್ಯೂನಿಂಗ್‌ನಂಥ ಕೆಲಸಗಳಿಗೆ ಬಳಸಬೇಕೇ ಹೊರತು ಲೈಸೆನ್ಸ್ ತಪಾಸಣೆಗಲ್ಲ.