ನೆಗಡಿ ಇಟ್ಟುಕೊಂಡು ನೇತ್ರಾಣಿಗೆ ಹೋಗಬೇಡಿ

ಕಳೆದ ಡಿಸೆಂಬರ್‌ನಲ್ಲಿ ಭಾವನ ಜೊತೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವುದು, ಮಾಡಿ ಬಂದೆ. ಬಂದದ್ದು ಎಡಗಿವಿಯ ತಮಟೆ ಹರಿದುಕೊಂಡು.

ಅಡಿಕೆ ಕೊಯ್ಲಿನ ಸಮಯ. ಇಬ್ಬನಿಯಲ್ಲಿ ಓಡಾಡಿ ನಾಲ್ಕು ದಿನದಿಂದ ನೆಗಡಿ. ಮೆಣಸಿನ ಕಷಾಯ ಕುಡಿದು ಹೊರಟೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗಲೇ ಕಿವಿ ಗುಂಯ್ ಎಂದು ಕಟ್ಟಿತು. ಕುಮಟಾ ದಾಟಿದರೂ ಬಿಡಲಿಲ್ಲ. ಅಲ್ಲೇ ಗಾಡಿ ತಿರುಗಿಸಬೇಕಿತ್ತು. ಆದರೆ ದುಡ್ಡು ಕಟ್ಟಿಯಾಗಿತ್ತು, ಅಲ್ವಾ? ಔಷಧಿ ಅಂಗಡಿಯಲ್ಲಿ ಮೂಗಿಗೆ ಬಿಡುವ ಡ್ರಾಪ್ಸ್ ತಗೊಂಡೆ. ಮೂಗು ಬಿಟ್ಟಿತು, ಧೈರ್ಯ ಬಂತು.

ಬೋಟ್ ಹತ್ತುವ ಮೊದಲು ಒಂದು ಫಾರ್ಮ್ ಕೊಟ್ಟರು. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿ ಆಪರೇಷನ್ ಹೀಗೆ ಉದ್ದ ಪಟ್ಟಿ. "ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಸರ್, ಲೇಟಾಗ್ತದೆ" ಅಂದ ಹುಡುಗ. ಸುಮ್ನೆ ಹಾಕಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಪ್ಪು ಇಬ್ಬರದ್ದೂ, ಕಿವಿ ಮಾತ್ರ ನನ್ನದು.

ಆಮೇಲೆ ಲೆಕ್ಕ ಹಾಕಿದೆ. ಶಿರಸಿ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಅಷ್ಟೂ ಇಳಿದರೆ ಕಿವಿಯ ಮೇಲೆ ಹೆಚ್ಚುವ ಒತ್ತಡ, ನೀರಿನಲ್ಲಿ ಒಂದು ಮೀಟರ್ ಇಳಿದದ್ದಕ್ಕಿಂತ ಕಡಿಮೆ! ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಘಟ್ಟದಲ್ಲೇ ಬಿಡದ ಕಿವಿ ಅಲ್ಲಿ ಬಿಡುತ್ತದೆಯೇ? ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಾಳ ನೆಗಡಿಯಲ್ಲಿ ಊದಿಕೊಂಡಿರುತ್ತದೆ. ಹೊರಗಿನ ಒತ್ತಡಕ್ಕೆ ಸರಿದೂಗಿಸಲು ಮೂಗು ಹಿಡಿದು ಊದಿದರೂ ಗಾಳಿ ಕಿವಿಯೊಳಗೆ ಹೋಗುವುದಿಲ್ಲ. ಡ್ರಾಪ್ಸ್ ನಂಬಿ ಇಳಿಯುವುದೂ ಅಪಾಯವೇ. ನೀರಿನಡಿ ಅದರ ಗುಣ ಇಳಿದರೆ, ಮೇಲೆ ಬರುವಾಗ ಒಳಗಿನ ಗಾಳಿ ಸಿಕ್ಕಿಕೊಳ್ಳುತ್ತದೆ.

ಮೂರ್ನಾಲ್ಕು ಮೀಟರಿಗೇ ಸೂಜಿ ಚುಚ್ಚಿದ ಹಾಗಾಯಿತು. ಹಿಂದಿನಿಂದ ಸಿಲಿಂಡರ್ ಹಿಡಿದಿದ್ದ ತರಬೇತುದಾರ ಕೈ ಮುಂದೆ ತಂದು ಓಕೆನಾ ಎಂದು ಸನ್ನೆ ಮಾಡಿದ. ಎದುರಿಗೆ ಭಾವ ಆರಾಮಾಗಿ ಮೀನು ನೋಡುತ್ತಿದ್ದ. ನಾನೂ ಓಕೆ ತೋರಿಸಿದೆ. ಇನ್ನಷ್ಟು ಇಳಿದಾಗ ಕಿವಿಯೊಳಗೆ ಟಪ್ ಎಂದಿತು. ನೋವು ಪೂರ್ತಿ ಹೋಯಿತು. ಹಾಯೆನಿಸಿತು ಕೂಡ. ಮರುಕ್ಷಣ ಕಡಲೇ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ತಮಟೆಯ ತೂತಿನಿಂದ ತಣ್ಣೀರು ಒಳಹೊಕ್ಕರೆ ಹೀಗೇ ಆಗುತ್ತದಂತೆ, ಡಾಕ್ಟರ್ ಹೇಳಿದ್ದು. ಉಸಿರಾಡಲು ಬಾಯಲ್ಲಿಟ್ಟ ರೆಗ್ಯುಲೇಟರ್ ಮಾತ್ರ ಹಲ್ಲು ಕಚ್ಚಿ ಹಿಡಿದುಕೊಂಡೆ. ತರಬೇತುದಾರ ನಿಧಾನವಾಗಿ ಮೇಲೆ ತಂದ. ಪಾಪ, ಅಷ್ಟನ್ನು ಸರಿಯಾಗಿ ಮಾಡಿದ.

ಮಾಸ್ಕ್ ತೆಗೆದರೆ ಮೂಗಲ್ಲಿ ರಕ್ತ. ದಡ ಸುಮಾರು 19 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ವಾಂತಿ.

ಹೋಗುವವರು ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿ: "ನೆಗಡಿಯಾದರೆ ದಿನ ಬದಲಿಸಿ ಕೊಡ್ತೀರಾ?" "ಏನಾಗಲ್ಲ, ಬನ್ನಿ" ಎಂದರೆ ಬೇರೆಯವರನ್ನು ಹುಡುಕಿ. ಅಸ್ತಮಾ, ಬಿಪಿ ಇರುವವರು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಇನ್ನೊಂದು, ನಮ್ಮ ಬೋಟಿನಲ್ಲಿದ್ದ ಒಬ್ಬರಿಗೆ ಅದೇ ಸಂಜೆ ಗೋವಾದಿಂದ ವಿಮಾನವಿತ್ತು. ಒಂದೇ ಡೈವ್ ಮಾಡಿದರೂ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಅದನ್ನೂ ಯಾರೂ ಹೇಳಿರಲಿಲ್ಲ.

ತೂತು ಮುಚ್ಚಲು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಸ್ನಾನಕ್ಕೆ ಹೋಗುವಾಗಲೆಲ್ಲ ವ್ಯಾಸಲೀನ್ ಹಚ್ಚಿದ ಹತ್ತಿ ಕಿವಿಗೆ. ಅವರು ತೆಗೆದ ವಿಡಿಯೋ ಮಾತ್ರ ಮೊದಲ ವಾರವೇ ಬಂತು. ಅದರಲ್ಲಿ ನಾನು ಎರಡು ಸಲ ಓಕೆ ಎಂದು ಕೈ ತೋರಿಸಿದ್ದೇನೆ.