ಚುಕ್ಕಿಗಾಗಿ ಕೊಂಡ ಅಂತ್ಯಕ್ರಿಯೆ ಪ್ಯಾಕೇಜು: ಹತ್ತೊಂಬತ್ತು ತಿಂಗಳ ನಂತರದ ವಿಮರ್ಶೆ

ನಮ್ಮ ಮನೆಯ ನಾಯಿ ಚುಕ್ಕಿ ಹನ್ನೆರಡೂವರೆ ವರ್ಷ ನಮ್ಮೊಡನೆ ಬಾಳಿ ತೀರಿಕೊಂಡ ದಿನ, ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಿಂದ ಸಾಕುಪ್ರಾಣಿಗಳ ಅಂತ್ಯಕ್ರಿಯೆಯ ಪ್ಯಾಕೇಜನ್ನು ₹9,800 ಕೊಟ್ಟು ತೆಗೆದುಕೊಂಡೆವು. ಪ್ರತ್ಯೇಕ ದಹನ, ಶಾಯಿಯಲ್ಲಿ ತೆಗೆದ ಪಾದದ ಅಚ್ಚು, ಬೂದಿ ಇಡಲು ಹಿತ್ತಾಳೆಯ ಕರಂಡ, ಚಿತಾಭಸ್ಮ ಬೆರೆಸಿ ಗಿಡ ನೆಡುವ ಕುಂಡ, ಆಪ್ತಸಮಾಲೋಚಕರೊಡನೆ ನಲವತ್ತು ನಿಮಿಷಗಳ ದೂರವಾಣಿ ಮಾತುಕತೆ, ಇಷ್ಟು ಅದರಲ್ಲಿ ಸೇರಿದ್ದವು. ಮೊದಲ ವಾರದಲ್ಲೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ, ಏಕೆಂದರೆ ಆಗ ಯಾರಾದರೂ ತಗ್ಗಿದ ದನಿಯಲ್ಲಿ ಎರಡು ಮಾತನಾಡಿದರೆ ಸಾಕಿತ್ತು. ಈಗ ನನ್ನ ಲೆಕ್ಕಕ್ಕೆ ಮೂರು ಬರುತ್ತದೆ, ಆ ಮೂರರಲ್ಲಿ ಎರಡೂವರೆ ದಹನದ ಕೆಲಸಕ್ಕೇ ಸಲ್ಲಬೇಕು.

ರಾತ್ರಿ ಒಂಬತ್ತರ ಹೊತ್ತಿಗೆ ವ್ಯಾನಿನಲ್ಲಿ ಇಬ್ಬರು ಬಂದರು. ಬಂದವರು ಮೊದಲು ಚಪ್ಪಲಿ ಬಿಟ್ಟರು. ಹಿರಿಯವನು ಚುಕ್ಕಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, "ಬೆಲ್ಟ್ ನಾವು ಬಿಚ್ಚೋದಾ ಸಾರ್, ನೀವೇ ಬಿಚ್ತೀರಾ?" ಎಂದು ಕೇಳಿದ. ಕೊರಳ ಪಟ್ಟಿಯ ಕೊಂಡಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದರಿಂದ ಅದನ್ನು ಬಿಡಿಸಲು ನನಗೆ ಐದು ನಿಮಿಷವಾದರೂ ಹಿಡಿಯಿತು, ಅಷ್ಟು ಹೊತ್ತೂ ಅವರು ಗಡಿಯಾರ ನೋಡಲಿಲ್ಲ. ಆಮೇಲೆ ಅವಳ ಹಿಂಗಾಲಿಗೆ ಸಂಖ್ಯೆ ಕೊರೆದ ಸ್ಟೀಲಿನ ಬಿಲ್ಲೆ ಕಟ್ಟಿದರು. ಈ ಬಿಲ್ಲೆ ದೇಹದೊಂದಿಗೇ ಕುಲುಮೆಗೆ ಹೋಗಿ ಬೂದಿಯೊಂದಿಗೇ ಹಿಂದಿರುಗುತ್ತದೆ. ಹಲವು ಪ್ರಾಣಿಗಳನ್ನು ಒಟ್ಟಿಗೆ ಸುಡುವ ಅಗ್ಗದ ವ್ಯವಸ್ಥೆಯೂ ಇರುವುದರಿಂದ, ಕೈಗೆ ಬಂದ ಬೂದಿ ನಮ್ಮ ನಾಯಿಯದೇ ಎಂಬುದಕ್ಕೆ ನಮ್ಮ ಬಳಿ ಉಳಿಯುವ ಗುರುತು ಇದೊಂದೇ. ಮಾರನೆಯ ಸಂಜೆ ಮುಕ್ಕಾಲು ಕಿಲೋದಷ್ಟು ಬೂದಿ ಬಂದಾಗ ಅಮ್ಮ, "ಇಪ್ಪತ್ನಾಲ್ಕು ಕೇಜಿ ಇದ್ದಳಲ್ಲೋ, ಇಷ್ಟೇನಾ?" ಎಂದರು. ದಹನದ ನಂತರ ಉಳಿಯುವುದು ಮೂಳೆಯ ಖನಿಜಾಂಶ ಮಾತ್ರ, ಅದನ್ನೇ ಪುಡಿ ಮಾಡಿ ಕೊಡುತ್ತಾರೆ. ಆ ಗಾತ್ರದ ನಾಯಿಗೆ ಅಷ್ಟೇ ಬರುವುದು ಎಂದು ಸಂಸ್ಥೆಯವರು ಮೊದಲೇ ಹೇಳಿದ್ದರೆ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರುತ್ತಿತ್ತು.

ಪಾದದ ಅಚ್ಚು ಚೆನ್ನಾಗಿ ಬಂದಿದೆ. ಶಾಯಿ ಇನ್ನೂ ಮಾಸಿಲ್ಲ.

ಕುಂಡದ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಅಸಮಾಧಾನವಿದೆ. ಬೂದಿಯನ್ನು ಮಣ್ಣಿಗೆ ಬೆರೆಸಿ ಗಿಡ ನೆಟ್ಟರೆ ನಿಮ್ಮ ಮುದ್ದುಪ್ರಾಣಿ ಹೂವಾಗಿ ಮರಳುತ್ತದೆ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಅದನ್ನು ನಂಬಿ ಅರ್ಧದಷ್ಟು ಬೂದಿ ಸುರಿದು ನಂದಿಬಟ್ಟಲು ನೆಟ್ಟೆ. ಎರಡು ತಿಂಗಳೊಳಗೆ ಎಲೆಯ ಅಂಚು ಸುಟ್ಟಂತಾಗಿ, ಮೂರನೆಯ ತಿಂಗಳಿಗೆ ಗಿಡ ಒಣಗಿ ಕಡ್ಡಿಯಾಯಿತು. ಕೃಷಿ ಓದಿದ ಗೆಳೆಯ ನೋಡಿ ಕಾರಣ ತಿಳಿಸಿದ: ದಹನದ ಬೂದಿ ತೀರ ಕ್ಷಾರೀಯವಾಗಿರುತ್ತದೆ, ಅದರಲ್ಲಿ ಉಪ್ಪಿನಂಶವೂ ಹೆಚ್ಚು; ಒಂದೆರಡು ಚಮಚವನ್ನು ಬುಟ್ಟಿಗಟ್ಟಲೆ ಮಣ್ಣು ಗೊಬ್ಬರದಲ್ಲಿ ಕಲಸಿದರೆ ಬೇರು ತಡೆದೀತು, ಬೊಗಸೆಗಟ್ಟಲೆ ಸುರಿದರೆ ತಡೆಯದು. ಗಿಡ ಸತ್ತರೆ ಬೇರೆ ದಿನಗಳಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನೀವು ನೆಟ್ಟದ್ದು ನಿಮ್ಮ ನಾಯಿ ಎಂದು ಹೇಳಿ ಕೊಟ್ಟ ಗಿಡ ಕಣ್ಣೆದುರಿಗೆ ಒಣಗುವಾಗ ಅದನ್ನು ಎರಡನೆಯ ಸಾವೆಂದೇ ಮನಸ್ಸು ಎಣಿಸುತ್ತದೆ. ದೂರು ಕೊಟ್ಟಾಗ ಅವರು ಕಳುಹಿಸಿದ್ದು ಇನ್ನೊಂದು ಕುಂಡ.

ಸಮಾಲೋಚನೆ ಇಂಗ್ಲಿಷಿನಲ್ಲಿ ನಡೆಯಿತು. ಆ ಕಡೆಯವರು ಸಜ್ಜನರೇ, ನನಗೆ ಇಂಗ್ಲಿಷ್ ಬಾರದೆಂದೂ ಅಲ್ಲ. ಆದರೆ ದಯಾಮರಣದ ಚುಚ್ಚುಮದ್ದಿಗೆ ಒಪ್ಪಿಗೆಯ ಸಹಿ ಹಾಕಿದ ಕೈ ನನ್ನದು ಎಂಬ ಸಂಕಟವನ್ನು ಕಚೇರಿಯ ಭಾಷೆಯಲ್ಲಿ ಹೇಳಹೊರಟರೆ ಅದು ವರದಿ ಒಪ್ಪಿಸಿದಂತೆ ಕೇಳುತ್ತಿತ್ತು. ಮೂರನೆಯ ತಿಂಗಳಿನ ಒಂದು ರಾತ್ರಿ, ನಾಯಿಗಾಗಿ ಅಳುತ್ತಿದ್ದೇನೆಂದು ಹೇಳಲು ಸಂಕೋಚಪಡುತ್ತಲೇ, 14416ಕ್ಕೆ ಕರೆ ಮಾಡಿದೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಚುಕ್ಕಿಗೆ ಊಟಕ್ಕೆ ಏನು ಹಾಕುತ್ತಿದ್ದಿರಿ?" ಎಂದು ಕೇಳಿದರು. ಅಮ್ಮ ಇಂದಿಗೂ ಅರ್ಧ ಪಾವು ಅಕ್ಕಿ ಹೆಚ್ಚಿಗೆ ಇಡುತ್ತಾರೆ, ಮಿಕ್ಕ ಅನ್ನಕ್ಕೆ ರಾತ್ರಿ ಯಾರೂ ಮೊಸರು ಕಲಸುವುದಿಲ್ಲ ಎಂದು ಹೇಳುವಷ್ಟರಲ್ಲಿ ನನ್ನ ದನಿ ಒಡೆಯಿತು. ಅವರೇ ನೀಡಿದ ಸಲಹೆಯಂತೆ ಮರುವಾರ ಚುಕ್ಕಿಯ ವೈದ್ಯರನ್ನು ಕಂಡು, ಅವಳನ್ನು ಚಿಕಿತ್ಸೆಗೆ ತರಲು ನಾನು ತಡಮಾಡಿದೆನೇ ಎಂದು ನೇರವಾಗಿ ಕೇಳಿದೆ. ಮೂತ್ರಪಿಂಡಗಳ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲೆಯೇ ಅವು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುವುದು, 5 ದಾಟಿದರೆ ಅದು ಕಾಯಿಲೆಯ ಕೊನೆಯ ಹಂತ, ಚುಕ್ಕಿಯದು ಮೊದಲ ಪರೀಕ್ಷೆಯಲ್ಲೇ 9.6 ಇತ್ತು ಎಂದು ಅವರು ಹಳೆಯ ವರದಿ ತೆರೆದು ತೋರಿಸಿದರು. ನನಗೆ ನಿದ್ದೆ ಮರಳಿದ್ದು ಆ ಸಂಖ್ಯೆಯನ್ನು ಕಂಡ ಮೇಲೆ.

ಇನ್ನೊಂದು ದೂರು ಸಣ್ಣದಾದರೂ ಬರೆಯಲೇಬೇಕು. ಪ್ಯಾಕೇಜು ಕೊಂಡಾಗ ಜನ್ಮದಿನಾಂಕ ಬರೆಸಿಕೊಂಡಿದ್ದರು. ಮುಂದಿನ ಮಾರ್ಚಿನಲ್ಲಿ, ಬಣ್ಣದ ಬಲೂನುಗಳೊಂದಿಗೆ "ಚುಕ್ಕಿಗೆ ಹುಟ್ಟುಹಬ್ಬದ ಶುಭಾಶಯಗಳು" ಎಂಬ ಸಂದೇಶ ಅದೇ ಸಂಸ್ಥೆಯಿಂದ ಬಂತು. ಅವಳನ್ನು ಸುಟ್ಟವರೇ ಅವರು.

"ನಾಯಿಗೆ ಇಷ್ಟೆಲ್ಲ ಬೇಕಿತ್ತಾ?" ಎಂದು ಕೇಳಿದ ನೆಂಟರಿಗೆ ನಾನು ಆತಕೂರಿನ ಶಾಸನದ ಕಥೆ ಹೇಳುತ್ತೇನೆ. ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದ ನಂತರ, ಮಣಲೆರನೆಂಬ ವೀರನು ಗಂಗರ ದೊರೆ ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದು ಮಡಿದಾಗ ದೇವಾಲಯದ ಎದುರಿಗೇ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನೆಂಟರು ಇದರಿಂದ ಒಪ್ಪುತ್ತಾರೆಂದಲ್ಲ, ಸುಮ್ಮನಾಗುತ್ತಾರೆ.

ಕರಂಡದ ಬಗ್ಗೆ ಕೊನೆಗೆ. ಮೆರುಗಿನ ಲೇಪ ಹತ್ತು ವರ್ಷ ಬಾಳುತ್ತದೆಂದು ಹೇಳಿದ್ದರು. ಮೊದಲ ಮಳೆಗಾಲಕ್ಕೇ ಸುಲಿದು ಹಿತ್ತಾಳೆ ಕಪ್ಪಿಟ್ಟಿತು. ಮನೆಯೊಳಗೆ ಅಸ್ಥಿ ಇಡಕೂಡದೆಂದು ಅಮ್ಮ ಪಟ್ಟು ಹಿಡಿದಿದ್ದರಿಂದ ಅದು ಐದು ತಿಂಗಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು. ಉಳಿದ ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದ ಮೇಲೆ, ಬಿಲ್ಲೆ ಮತ್ತು ಕೊರಳ ಪಟ್ಟಿಯನ್ನು ಅದರಲ್ಲಿ ಹಾಕಿ ಒಳಗೆ ತಂದಿಟ್ಟೆವು. ಈಗ ಪ್ರತಿ ಗುರುವಾರ ಸಂಜೆ ಅಮ್ಮ ದೀಪದ ಕಂಬಗಳೊಂದಿಗೆ ಅದನ್ನೂ ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ. ಲೇಪ ಉಳಿದಿದ್ದರೆ ಆ ಕೆಲಸ ಇರುತ್ತಿರಲಿಲ್ಲ. ಹಣ ಹಿಂದಿರುಗಿಸುತ್ತೇವೆ, ಕರಂಡ ಕಳುಹಿಸಿ ಎಂದು ಸಂಸ್ಥೆಯವರು ಕಳೆದ ತಿಂಗಳು ಹೇಳಿದರು. ಅಮ್ಮನನ್ನು ಕೇಳಿದೆ, ಕೊಡುವುದಿಲ್ಲ ಎಂದರು.