ಮೊದಲ ಕೆಲಸಕ್ಕೇ ಕಾರಿನ ಕೆಳಗೆ ಇಳಿಯಬೇಡಿ

ಸ್ವಂತ ಕಾರಿನ ರಿಪೇರಿ ಕಲಿಯಬೇಕೆಂದು ಹೊರಟವರಲ್ಲಿ ಹಲವರು ಎಂಜಿನ್ ಆಯಿಲ್ ಬದಲಾಯಿಸುವುದರಿಂದಲೇ ಶುರು ಮಾಡುತ್ತಾರೆ. ವಿಡಿಯೋದಲ್ಲಿ ಅದು ಹತ್ತು ನಿಮಿಷದ ಕೆಲಸ. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿನಲ್ಲಿ ಹೀಗೆ ಶುರುವಾದ ಕೆಲಸ ಎಂಜಿನ್ ಸೀಜ್ ಆಗುವುದರಲ್ಲಿ, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುವುದರಲ್ಲಿ, ಮುಗಿಯಿತು. ಕಾರು ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಅದುವರೆಗೆ ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟದ್ದಲ್ಲ. ಮಾಲೀಕರು ಅಸಡ್ಡೆಯವರೂ ಅಲ್ಲ. ಹಾಗಾಗಿಯೇ ಎಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಹೇಳಬೇಕಿದೆ.

ಭಾನುವಾರ ಸಂಜೆ ನಾಲ್ಕಕ್ಕೆ ಕೆಲಸ ಶುರು. ಡಿಕ್ಕಿಯಲ್ಲಿದ್ದ ಜಾಕಿನಿಂದ ಮುಂಭಾಗ ಎತ್ತಿ, ಎರಡು ಹಾಲೋ ಬ್ಲಾಕ್ ಮೇಲೆ ಕೂರಿಸಿದ್ದಾಯಿತು. ಎಂಜಿನ್ ತಳದ ಡ್ರೈನ್ ಬೋಲ್ಟ್ ಬಿಚ್ಚಿ ಹಳೆ ಆಯಿಲ್ ಇಳಿಸಿದ್ದಾಯಿತು. ಆಯಿಲ್ ಸೋಸುವ ಫಿಲ್ಟರ್ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಅದರ ಹೊಟ್ಟೆಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿದಾಗ ಬಂತು. ಆದರೆ ಫಿಲ್ಟರಿನ ಬಾಯಲ್ಲಿರುವ ರಬ್ಬರ್ ರಿಂಗು ಎಂಜಿನ್ ಬ್ಲಾಕಿಗೇ ಅಂಟಿಕೊಂಡು ಉಳಿಯಿತು. ಕಪ್ಪು ಆಯಿಲಿನಲ್ಲಿ ಮಿಂದ ಕಪ್ಪು ರಿಂಗು, ಮಬ್ಬು ಬೆಳಕು, ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅದರ ಮೇಲೆ ಹೊಸ ರಿಂಗಿನ ಹೊಸ ಫಿಲ್ಟರ್ ಕೂತಿತು.

ಎರಡು ರಿಂಗು ಒಂದರ ಮೇಲೊಂದು ಕೂತರೆ ಆಗುವುದಿಷ್ಟು. ಒಂದೇ ರಿಂಗಿದ್ದರೆ ಅದು ಫಿಲ್ಟರಿನ ತಗಡಿನ ಕಾಲುವೆಯಲ್ಲಿ ಕೂತು ನೇರ ಲೋಹಕ್ಕೆ ಒತ್ತಿಕೊಳ್ಳುತ್ತದೆ, ಜಾರಲು ಜಾಗವಿಲ್ಲ. ಎರಡನೆಯದನ್ನು ಹಿಡಿದಿಡಲು ಅಂಥ ಕಾಲುವೆ ಇಲ್ಲ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಒತ್ತಡ ಕಡಿಮೆ, ಆದ್ದರಿಂದ ಬೇಸ್‌ಮೆಂಟಿನಲ್ಲಿ ಎರಡು ನಿಮಿಷ ಓಡಿಸಿ ನೋಡಿದರೂ ಒಂದು ಹನಿ ಬೀಳದೇ ಇರಬಹುದು. ಇಲ್ಲೂ ಬೀಳಲಿಲ್ಲ. ರಸ್ತೆಗಿಳಿದು ಆಕ್ಸಿಲರೇಟರ್ ಒತ್ತಿದೊಡನೆ ಒತ್ತಡ ಏರುತ್ತದೆ, ರಿಂಗು ಒಂದು ಬದಿಯಿಂದ ಹೊರಕ್ಕೆ ಚಿಮ್ಮುತ್ತದೆ, ಪಂಪೇ ಮೂರು ಲೀಟರ್ ಆಯಿಲನ್ನು ಒಂದೆರಡು ನಿಮಿಷದಲ್ಲಿ ರಸ್ತೆಗೆ ಸುರಿಯುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿತು. ಹೊಸ ಆಯಿಲ್ ಹಾಕಿದ ನೆನಪು ಹಸಿಯಾಗಿತ್ತು, ಮನೆ ಮೂರು ಕಿಲೋಮೀಟರ್ ದೂರವಿತ್ತು, ಹೋಗಿ ನೋಡಿದರಾಯಿತು ಎಂದುಕೊಂಡು ಕಾರು ಮುಂದುವರಿಯಿತು. ಕಾರನ್ನು ಕೊಂದದ್ದು ಫಿಲ್ಟರಿಗಿಂತ ಹೆಚ್ಚಾಗಿ ಈ ಮೂರು ಕಿಲೋಮೀಟರ್. ಕೆಂಪು ಆಯಿಲ್ ದೀಪ ಆಯಿಲ್ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡ ಇಲ್ಲ ಎಂದು ಹೇಳುತ್ತದೆ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ತೆಳು ಆಯಿಲ್ ಪದರದ ಮೇಲೆ ತೇಲಿಕೊಂಡು ತಿರುಗುತ್ತದೆ. ಒತ್ತಡ ಹೋದರೆ ಆ ಪದರವೂ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ದೀಪ ಹತ್ತಿದ ಕೂಡಲೇ ಬದಿಗೆ ಸರಿದು ಎಂಜಿನ್ ಆಫ್ ಮಾಡಿದ್ದರೆ ನಷ್ಟ ಒಂದು ಫಿಲ್ಟರ್, ಒಂದು ಕ್ಯಾನ್ ಆಯಿಲ್, ಟೋಯಿಂಗ್ ಬಾಡಿಗೆಗೆ ನಿಲ್ಲುವ ಸಂಭವ ಹೆಚ್ಚಿತ್ತು. ಈಗ ಬೇರಿಂಗ್ ಸುಟ್ಟು, ಕ್ರ್ಯಾಂಕ್ ಗೀರುಬಿದ್ದು, ಇಡೀ ಎಂಜಿನ್ ಇಳಿಸಿ ಕಟ್ಟಬೇಕಾಯಿತು. ಅದಕ್ಕಿಂತ ದೊಡ್ಡ ನಷ್ಟ, ಆ ಮನೆಯಲ್ಲಿ ಇನ್ನು ಯಾರೂ ಬಾನೆಟ್ ಎತ್ತುವುದಿಲ್ಲ.

ಅವರಿಗೆ ಉತ್ಸಾಹದ ಕೊರತೆ ಇರಲಿಲ್ಲ. ಎಡವಿದ್ದು ಮೊದಲ ಕೆಲಸದ ಆಯ್ಕೆಯಲ್ಲಿ. ಕೆಟ್ಟರೂ ಕಾರು ಓಡುವಂಥ, ಜಾಕ್ ಬೇಡದ, ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸದಿಂದ ಶುರು ಮಾಡಿದವರು ಮುಂದಿನ ಕೆಲಸಕ್ಕೆ ತಾವಾಗಿಯೇ ಬರುತ್ತಾರೆ. ಅಂಥ ಕೆಲಸ ಪ್ರತಿ ಕಾರಿನಲ್ಲೂ ಇದೆ. ಏರ್ ಫಿಲ್ಟರ್ ಡಬ್ಬಿಗೆ ಹೆಚ್ಚಿನ ಕಾರುಗಳಲ್ಲಿ ಕ್ಲಿಪ್ಪು ಅಥವಾ ನಾಲ್ಕೈದು ಸ್ಕ್ರೂ ಇರುತ್ತವೆ. ಮುಚ್ಚುವಾಗ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಬೇಕು, ಸಂದಿಯಿದ್ದರೆ ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ. ಏಸಿಯ ಕ್ಯಾಬಿನ್ ಫಿಲ್ಟರ್ ಬಹುತೇಕ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ, ಅದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಇರಬೇಕು. ವೈಪರ್ ರಬ್ಬರ್ ಬದಲಾಯಿಸುವಾಗ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಬರಿ ಕಂಬಿ ಸ್ಪ್ರಿಂಗ್ ಎಳೆತಕ್ಕೆ ಬಂದು ಬಡಿದರೆ ವಿಂಡ್‌ಶೀಲ್ಡ್ ಬಿರುಕು ಬಿಡುತ್ತದೆ.

ಬ್ಯಾಟರಿ ಟರ್ಮಿನಲ್ ತೊಳೆಯುವುದು ಇನ್ನೊಂದು ಒಳ್ಳೆಯ ಪಾಠ. ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ನೆಗೆಟಿವ್ ಇದ್ದಂತೆಯೇ ಪಾಸಿಟಿವ್ ನಟ್ಟಿಗೆ ಸ್ಪ್ಯಾನರ್ ಹಾಕಿದಾಗ ಅದರ ಇನ್ನೊಂದು ತುದಿ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್ನಿಗೆ ಅಷ್ಟು ಕಿಡಿ ಸಾಕು. ಬಿಳಿ, ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾದಿಂದ ಉಜ್ಜಿ, ಒಣಗಿಸಿ, ಬಿಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಉಂಗುರ, ಲೋಹದ ಗಡಿಯಾರ ತೆಗೆದಿಡುವುದನ್ನು ಮರೆಯಬೇಡಿ.

ಆಮೇಲೆ ಸ್ಪಾರ್ಕ್ ಪ್ಲಗ್ಗಿಗೆ ಬನ್ನಿ. ಇಲ್ಲಿ ಎಂಜಿನ್ ಪೂರ್ತಿ ತಣ್ಣಗಿರಬೇಕು, ಯಾಕೆಂದರೆ ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಸಾಮಾನ್ಯವಾಗಿ ಅಲ್ಯೂಮಿನಿಯಂ. ಬಿಸಿಯಲ್ಲಿ ಬಿಚ್ಚಿದರೆ ತ್ರೆಡ್ಡು ಕಿತ್ತು ಬರುವ ಅಪಾಯವಿದೆ. ಪ್ಲಗ್ ಬಿಚ್ಚುವ ಮುಂಚೆ ಅದರ ಗುಂಡಿಯಲ್ಲಿನ ಧೂಳನ್ನು ಊದಿ ತೆಗೆಯಿರಿ. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ತ್ರೆಡ್ಡು ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಸ್ಪ್ಯಾನರಿನಂತೆ ಬಲವಂತ ಮಾಡುವುದಿಲ್ಲ.

ಇಷ್ಟಾದ ಮೇಲೂ ಆಯಿಲ್ ಬದಲಾಯಿಸುವ ಮನಸ್ಸಿದ್ದರೆ ಮೊದಲು ಜಾಕಿನ ವಿಚಾರ. ಡಿಕ್ಕಿಯ ಜಾಕ್ ಇರುವುದು ಸ್ಟೆಪ್ನಿ ಹಾಕಲು ಮಾತ್ರ. ಅದರ ನೆಚ್ಚಿಕೆಯಲ್ಲಿ ಕಾರಿನ ಕೆಳಗೆ ಕೈ, ತಲೆ ಹಾಕುವುದು ಜೀವಕ್ಕೇ ಅಪಾಯ. ಇಟ್ಟಿಗೆ, ಹಾಲೋ ಬ್ಲಾಕ್ ಇನ್ನೂ ಕೆಟ್ಟವು: ಬಗ್ಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ. ಆ ಬೇಸ್‌ಮೆಂಟಿನಲ್ಲಿ ಪ್ರಾಣ ಉಳಿದದ್ದು ಅದೃಷ್ಟ. ಎತ್ತಿದ ಕಾರಿನ ಭಾರ ಹೊರುವ ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳದೆ ಕೆಳಗೆ ಇಳಿಯಲೇಬೇಡಿ. ನೆಲ ಸಮತಟ್ಟಾಗಿರಲಿ, ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಟ್ಟೆ, ಹ್ಯಾಂಡ್‌ಬ್ರೇಕ್, ಮೊದಲ ಗೇರ್. ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಸ್ಟ್ಯಾಂಡ್ ಕೂರಿಸಿ, ಕಾರನ್ನು ಪಕ್ಕದಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಸ್ಟೆಪ್ನಿಯನ್ನೂ ಬಾಡಿಯ ಅಂಚಿನಡಿ ಮಲಗಿಸಿಡಿ.

ಕಾರು ಎತ್ತುವ ಮುಂಚೆಯೇ ಎಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗಾದಾಗ ಆಫ್ ಮಾಡಿ, ಕುದಿಯುವ ಬಿಸಿ ಬೇಡ. ಕೆಳಗಿರುವ ಬೋಲ್ಟ್ ಯಾವುದೆಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಗೇರ್‌ಬಾಕ್ಸಿಗೂ ಒಂದು ಡ್ರೈನ್ ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ತುಂಬಿರುವ ಎಂಜಿನ್ನಿಗೆ ಮತ್ತೆ ಮೂರು ಲೀಟರ್ ಸುರಿದು ಎರಡನ್ನೂ ಹಾಳು ಮಾಡಿದವರಿದ್ದಾರೆ. ಓಪನ್ ಸ್ಪ್ಯಾನರ್ ಬೋಲ್ಟಿನ ಮೂಲೆ ಸವೆಸುತ್ತದೆ, ಆರು ಮೂಲೆಯ ಸಾಕೆಟ್ ಬಳಸಿ. ಹದಿನೈದು ನಿಮಿಷ ಸೋರಲು ಬಿಡಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ. ಬಿಗಿತ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್, ನಿಖರ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲಿನಲ್ಲಿದೆ. 35 ಎಂದರೆ 20 ಸೆಂಟಿಮೀಟರ್ ಹಿಡಿಯ ತುದಿಗೆ ಹದಿನೆಂಟು ಕೆಜಿಯಷ್ಟು ಭಾರ. ಕಾಲಿನಿಂದ ಒದ್ದು ಬಿಗಿಯುವವರು ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನ ತ್ರೆಡ್ಡನ್ನೇ ಕೀಳುತ್ತಾರೆ. ಇಷ್ಟೇ ಬಿಗಿತ ಎಂದು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಫಿಲ್ಟರ್ ಬಂದೊಡನೆ ಅದರ ಬಾಯಿ ನೋಡಿ. ರಿಂಗು ಅಲ್ಲಿಲ್ಲದಿದ್ದರೆ ಎಂಜಿನ್ನಿನ ಮೇಲಿದೆ ಎಂದೇ ಅರ್ಥ. ಇದ್ದರೂ ಎಂಜಿನ್ ಬದಿಯ ಮುಖವನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಾಕಿ, ಉಗುರಿನಿಂದ ಸುತ್ತಲೂ ಕೆರೆದು ನೋಡಿ. ಕಣ್ಣಿಗಿಂತ ಉಗುರನ್ನು ನಂಬಿ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು, ಅಥವಾ ಫಿಲ್ಟರಿನ ಮೇಲೆ ಬರೆದಷ್ಟು. ಇದಕ್ಕೆ ಸ್ಪ್ಯಾನರ್ ಬೇಡ. ಹೀಗೆ ಎಣ್ಣೆ ಸವರದೆ ಒಣಗಿದ ರಿಂಗನ್ನು ಉಪಕರಣದಿಂದ ಬಿಗಿದ ಫಿಲ್ಟರುಗಳೇ ಮುಂದಿನ ಸಲ ರಿಂಗು ಬಿಟ್ಟು ಬರುತ್ತವೆ.

ಕೈಪಿಡಿಯ ಗ್ರೇಡಿನದೇ ಆಯಿಲ್ ಹಾಕಿ, ಹೇಳಿದ ಅಳತೆಗಿಂತ ಕಾಲು ಲೀಟರ್ ಕಡಿಮೆ ಸುರಿದು, ಗೇರನ್ನು ನ್ಯೂಟ್ರಲಿಗೆ ತಂದು ಸ್ಟಾರ್ಟ್ ಮಾಡಿ. ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಆಫ್. ಒಂದು ನಿಮಿಷ ಓಡಿಸಿ, ಆಮೇಲೆ ನಿಂತ ಜಾಗದಲ್ಲೇ ಅರ್ಧ ನಿಮಿಷ 2500 ಆರ್‌ಪಿಎಂ ಏರಿಸಿ, ಎಂಜಿನ್ ಆಫ್ ಮಾಡಿ ಫಿಲ್ಟರಿನ ಅಂಚು ಒರೆಸಿ ನೋಡಿ. ಕಾರು ನೆಲಕ್ಕಿಳಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿಕೊಂಡು ನೂರು ನೂರು ಎಂಎಲ್ ಸೇರಿಸಿ. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್ ಬಡಿದು ನೊರೆಯಾಗುತ್ತದೆ, ನೊರೆಯಾದ ಆಯಿಲಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಹಳೆ ಆಯಿಲನ್ನು ಕ್ಯಾನಿಗೇ ತುಂಬಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ. ಮೋರಿಗೆ ಸುರಿದರೆ ಕೊನೆಗೆ ಕೆರೆಗೇ ಸೇರುತ್ತದೆ.

ಬ್ರೇಕ್, ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಪೆಟ್ರೋಲ್ ಲೈನ್, ಸಸ್ಪೆನ್ಷನ್ ಸ್ಪ್ರಿಂಗ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್, ಇವುಗಳನ್ನು ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ಕಲಿಸುವವರೆಗೆ ಮುಟ್ಟಬೇಡಿ. ಕಾರು ವಾರಂಟಿಯಲ್ಲಿದ್ದರೆ ಸರ್ವಿಸ್ ಕೆಲಸವನ್ನೂ ಕಂಪನಿಯ ಸೆಂಟರಿಗೇ ಬಿಡಿ.

ಇನ್ನು ದಿನದ ವಿಚಾರ. ಭಾನುವಾರ ಸಂಜೆ ಬೋಲ್ಟ್ ಮುರಿದರೆ ಸ್ಪೇರ್ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಸೋಮವಾರ ಬೆಳಿಗ್ಗೆ ಆಫೀಸಿಗೆ ಅದೇ ಕಾರು ಬೇಕು. ಆ ಆತುರದಲ್ಲೇ ಫಿಲ್ಟರಿಗೆ ಸ್ಕ್ರೂಡ್ರೈವರ್ ಇಳಿಯುವುದು. ಶನಿವಾರ ಬೆಳಿಗ್ಗೆ, ಹಗಲು ಬೆಳಕಿನಲ್ಲಿ ಶುರು ಮಾಡಿ. ರಾತ್ರಿ ಎಂಜಿನ್ ಕೆಳಗೆ ಹಳೆ ಪೇಪರ್ ಹಾಸಿಡಿ. ಭಾನುವಾರ ಎದ್ದು ನೋಡಿದಾಗ ಅದರ ಮೇಲೆ ರೂಪಾಯಿಯಗಲದ ಕಲೆ ಇದ್ದರೂ ಕಾರು ಹೊರಡಬಾರದು.